ಕಂಠಪ್ಪನ ಅರ್ಧ ಕಾನೂನು

ಕಟ್ಟೆಮಳಲವಾಡಿಯಿಂದ ಎರಡು ಮೈಲಿ ಆಚೆಗಿದ್ದ ಮಂಟಿಕೊಪ್ಪಲಿನಲ್ಲಿ ಕಾನೂನು ಬೇಕಾದವರು ವಕೀಲರ ಹತ್ತಿರ ಹೋಗುತ್ತಿರಲಿಲ್ಲ, ಕಂಠಪ್ಪನ ಜಗಲಿಗೆ ಬರುತ್ತಿದ್ದರು. ವಕೀಲರು ಹೇಳಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಕಂಠಪ್ಪ ಹೇಳಿದ್ದು ಎಮ್ಮೆ ಕಾಯುವವರಿಗೂ ತಿಳಿಯುತ್ತಿತ್ತು. ಜಾಮೀನು ಅಂದರೇನು ಎಂದು ಕೇಳಿದರೆ, "ನಿನ್ನೆಮ್ಮೆ ಓಡೋಗಲ್ಲ ಅಂತ ನಾನು ಅಗ್ಗ ಇಡ್ಕಂಡು ನಿಂತ್ಕಳದು ಕಣ್ಲಾ. ಎಮ್ಮೆ ಓಡೋದ್ರೆ ಅದೇ ಅಗ್ಗದಲ್ಲಿ ನನ್ನ ಕಟ್ತಾರೆ" ಎನ್ನುತ್ತಿದ್ದ. ಅಪೀಲು ಅಂದರೆ ಅಪ್ಪ ಕೊಡದ ಬೆಲ್ಲವನ್ನು ಅಜ್ಜಿಯ ಹತ್ತಿರ ಹೋಗಿ ಕೇಳುವುದು. ವಾಯಿದೆ ಅಂದರೆ ಇವತ್ತಿನ ಸಾರನ್ನು ನಾಳೆ ಕುದಿಸುತ್ತೇನೆಂದು ಒಲೆ ಆರಿಸುವುದು. ಸಾಕ್ಷಿ ಅಂದರೆ ಕಂಡದ್ದನ್ನು ಹೇಳುವವನು. ಕಾಣದ್ದನ್ನೂ ಕಂಡ ಹಾಗೆ ಹೇಳಿದರೆ ಅವನು ಪ್ರತ್ಯಕ್ಷ ಸಾಕ್ಷಿ. ಎಕ್ಸ್‌ಪಾರ್ಟಿ ಅಂದರೆ ಇಬ್ಬರಿಗೆ ಎಲೆ ಹಾಕಿರುತ್ತದೆ, ಒಬ್ಬ ಬರಲಿಲ್ಲ ಅಂತ ಇನ್ನೊಬ್ಬನೇ ಕೂತು ಎರಡೂ ಎಲೆ ಬಳಿದು ಏಳುವುದು.

ಇಷ್ಟೆಲ್ಲ ತಿಳಿದಿದ್ದ ಕಂಠಪ್ಪ ಕಾನೂನು ಓದಿದವನಲ್ಲ, ಕೇಳಿದವನು. ಮೂವತ್ತೊಂದು ವರ್ಷ ಹುಣಸೂರಿನ ಮುನ್ಸೀಫ್ ಕೋರ್ಟಿನಲ್ಲಿ ಜವಾನನಾಗಿದ್ದ. ಕೆಲಸ ಒಂದೇ: ಬಾಗಿಲ ಹೊರಗೆ ನಿಂತು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುವುದು. ಅವನ ಗಂಟಲೇ ಗಂಟಲು. ಎದುರು ಬೀದಿಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವನು ಲೋಟ ಬಿಟ್ಟು ಎದ್ದು ಬರಬೇಕು, ಹಾಗೆ ಕೂಗುತ್ತಿದ್ದ. ಕೂಗು ಇಲ್ಲದಾಗ ಬಾಗಿಲಿಗೆ ಕಿವಿ ಕೊಟ್ಟು ನಿಂತಿರುತ್ತಿದ್ದ. ಒಳಗೆ ವಕೀಲರು ಮಾತನ್ನು ಜೋರಾಗಿ ಶುರು ಮಾಡಿ, ಮುನ್ಸೀಫರು ತಲೆಯೆತ್ತಿ ನೋಡಿದ ಕೂಡಲೇ ದನಿ ಇಳಿಸಿಬಿಡುತ್ತಿದ್ದರು. ಹೀಗಾಗಿ ಪ್ರತಿಯೊಂದು ಕಾನೂನಿನ ಮೊದಲ ಅರ್ಧ ಕಂಠಪ್ಪನಿಗೆ ಬಾಯಿಪಾಠವಾಗಿತ್ತು. ಉಳಿದ ಅರ್ಧವನ್ನು ಅವನು ಮನೆಗೆ ಬಂದು ಉಂಡು ಮಲಗುವ ಮೊದಲು ತಾನೇ ಸೇರಿಸಿಕೊಳ್ಳುತ್ತಿದ್ದ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೇ ಅನ್ನಿಸಿರಲಿಲ್ಲ, ಪಾಪ.

ಅವನು ನಿವೃತ್ತನಾದ ವರ್ಷವೇ ಕೋರ್ಟು ಹಾಲ್ ರಿಪೇರಿಯಾಗಿ ಹಳೇ ಬಾಗಿಲನ್ನು ಹರಾಜು ಹಾಕಿದರು. ಎರಡು ಕದದ ತೇಗದ ಬಾಗಿಲು. ಕಂಠಪ್ಪ ಅದನ್ನು ಹಿಡಿದು, ಗಾಡಿಯಲ್ಲಿ ಊರಿಗೆ ತಂದ. ಮನೆಯ ಬಾಗಿಲುವಾಡಕ್ಕೆ ಅದು ದೊಡ್ಡದಾಯಿತು. ಬಾಗಿಲನ್ನು ಕೊಯ್ಯಲು ಮನಸ್ಸು ಬರದೆ ಗೋಡೆಯನ್ನೇ ಒಡೆಸಿದ. ಹೆಂಡತಿ ಭಾಗ್ಯಮ್ಮ ಆ ಮಳೆಗಾಲವಿಡೀ ನೆನೆದ ಸೌದೆಯಲ್ಲಿ ಅಡುಗೆ ಮಾಡುತ್ತ ಕೋರ್ಟಿಗೆ ಶಾಪ ಹಾಕಿದಳು. ಕಂಠಪ್ಪನಿಗೆ ಮಾತ್ರ ಜಗಲಿಯಲ್ಲಿ ಆ ಬಾಗಿಲಿಗೆ ಬೆನ್ನು ಕೊಟ್ಟು ಕೂತರೇ ಕಾನೂನು ಬಾಯಿಗೆ ಬರುತ್ತಿತ್ತು.

ಪುಟ್ಟಮಲ್ಲಮ್ಮ ಬಂದದ್ದು ಆ ಜಗಲಿಗೆ. ಗಂಡ ಸಿದ್ದಯ್ಯ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮನೆಯ ಹಿಂದೆ ಒಂದು ಹಿತ್ತಲು, ಅದರಲ್ಲಿ ದಂಟು, ಕೊತ್ತಂಬರಿ, ಮೆಂತ್ಯ. ವಾರಕ್ಕೊಮ್ಮೆ ಸೊಪ್ಪನ್ನು ಕುಕ್ಕೆಯಲ್ಲಿ ತುಂಬಿ ಹುಣಸೂರಿನ ಸಂತೆಗೆ ಹೊತ್ತೊಯ್ಯುವಳು. ಅವಳ ಬದುಕು ಆ ಹಿತ್ತಲೇ. ಹಿತ್ತಲಿನ ಆ ಬದಿಗೆ ಚಲುವಯ್ಯನ ಹೊಲ. ಅವನು ಹೊಗೆಸೊಪ್ಪು ಹಾಕಿ, ಅದನ್ನು ಕಾವಿನಲ್ಲಿ ಬೇಯಿಸಿ ಒಣಗಿಸಲು ಬ್ಯಾರನ್ ಮನೆ ಕಟ್ಟಿಸುತ್ತಿದ್ದ. ಬ್ಯಾರನ್ನಿಗೆ ಗಾಡಿ ಹೋಗಲು ದಾರಿ ಬೇಕು, ಆ ದಾರಿಗೆ ಪುಟ್ಟಮಲ್ಲಮ್ಮನ ಹಿತ್ತಲು ಬೇಕು. ಅದು ಮೊದಲಿನಿಂದಲೂ ತನ್ನದೇ, ಈ ಹೆಂಗಸು ಎರಡು ವರ್ಷದಿಂದೀಚೆಗೆ ಒತ್ತುವರಿ ಮಾಡಿದ್ದಾಳೆ ಎಂದು ಕೋರ್ಟಿಗೆ ಹಾಕಿದ್ದ.

"ಕಂಠಣ್ಣ, ಸಮನ್ಸು ಬತ್ತದಂತೆ. ಅಂಗಂದ್ರೇನಣ್ಣ?" ಎಂದಳು ಪುಟ್ಟಮಲ್ಲಮ್ಮ.

"ಕೋರ್ಟು ನಿನ್ನ ಕರೆಯೋ ಕಾಗದ ಕಣವ್ವ. ಅಮೀನ ತತ್ತಾನೆ. ಕೈಗೆ ಕೊಟ್ರೆ ಜಾರಿಯಾಯ್ತು. ನೀನು ಸಿಗನಿಲ್ಲ ಅಂದ್ರೆ ಮನೆ ಬಾಗ್ಲಿಗೆ ಅಂಟುಸ್ತಾನೆ. ಅಂಟುಸಿದ್ರೂ ಜಾರಿಯಾಯ್ತು."

ಪುಟ್ಟಮಲ್ಲಮ್ಮ ಸೀರೆಯ ಸೆರಗಿನ ದಾರ ಎಳೆದಳು. ಆಮೇಲೆ, "ಬಾಗ್ಲೇ ಇಲ್ದಿದ್ರೆ?" ಎಂದಳು.

ಮೂವತ್ತೊಂದು ವರ್ಷದಲ್ಲಿ ಯಾವ ವಕೀಲನೂ ಕೇಳದ ಪ್ರಶ್ನೆ. ಕಂಠಪ್ಪನ ಬೆನ್ನು ಬಾಗಿಲಿನಿಂದ ಒಂದು ಗೇಣು ಮುಂದಕ್ಕೆ ಬಂತು. ಒಳಗಿನಿಂದ ಎಷ್ಟೋ ಸಲ ಕೇಳಿದ್ದ: "ಸಮನ್ಸನ್ನು ಮನೆಯ ಹೊರಬಾಗಿಲಿಗೆ..." ಆಮೇಲೆ ದನಿ ಇಳಿಯುತ್ತಿತ್ತು. ಮುಂದೆ ಇನ್ನೇನಿರುತ್ತದೆ, "ಅಂಟಿಸತಕ್ಕದ್ದು" ಎಂದಿರುತ್ತದೆ, ಅಷ್ಟೆ.

"ಬಾಗ್ಲಿಲ್ದಿದ್ರೆ ಅಂಟುಸಾಕಾಗಲ್ಲ" ಎಂದ.

"ಅಂಟುಸ್ದಿದ್ರೆ?"

"ಜಾರಿಯಾಗಲ್ಲ."

"ಜಾರಿಯಾಗ್ದಿದ್ರೆ?"

"ಕೇಸು ಎಲ್ಲದೋ ಅಲ್ಲೇ ನಿಂತ್ಕತದೆ."

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ತನ್ನ ಬಾಯಿಂದ ಬಂದ ಕಾನೂನು ಅಷ್ಟು ಅಚ್ಚುಕಟ್ಟಾಗಿ ಕೂತದ್ದನ್ನು ಕಂಡು ಕಂಠಪ್ಪನಿಗೇ ಖುಷಿಯಾಗಿ, "ಅಂಗಾದ್ರೆ ಬಾಗ್ಲು ತಗಿ ಕಣವ್ವ" ಎಂದುಬಿಟ್ಟ. ಅವತ್ತು ಸಂಜೆಯೊಳಗೆ ಪುಟ್ಟಮಲ್ಲಮ್ಮ ತನ್ನ ಬಾಗಿಲನ್ನು ಕಳಚಿ ಹುಲ್ಲುಮೆದೆಯ ಒಳಗೆ ಬಚ್ಚಿಟ್ಟಳು.

ಮಾರನೆಯ ದಿನ ಪಕ್ಕದ ಮನೆಯ ಕರಿಯಪ್ಪ ತನ್ನ ಬಾಗಿಲನ್ನು ಅನುಮಾನದಿಂದ ನೋಡಿದ. ಅಮೀನ ಬಂದು, ಈ ಮನೆಗೆ ಬಾಗಿಲಿಲ್ಲವೆಂದು ತನ್ನ ಬಾಗಿಲಿಗೆ ಅಂಟಿಸಿ ಹೋದರೆ? ಅವನೂ ತೆಗೆದ. ಅವನು ತೆಗೆದ ಮೇಲೆ ಆಚೆ ಮನೆಯ ರಾಚಮ್ಮ ತೆಗೆದಳು. ರಾಚಮ್ಮ ತೆಗೆದ ಮೇಲೆ ಇಡೀ ಬೀದಿ ತೆಗೆಯಿತು. ಶುಕ್ರವಾರದ ಹೊತ್ತಿಗೆ ಮಂಟಿಕೊಪ್ಪಲಿನ ಇಪ್ಪತ್ತೆರಡು ಮನೆಗಳಲ್ಲಿ ಇಪ್ಪತ್ತಕ್ಕೆ ಬಾಗಿಲಿರಲಿಲ್ಲ. ಉಳಿದ ಎರಡರಲ್ಲಿ ಒಂದು ಕೇಸು ಹಾಕಿದ ಚಲುವಯ್ಯನದು, ಇನ್ನೊಂದು ಕಂಠಪ್ಪನದು.

ಬಾಗಿಲಿಲ್ಲದ ಊರು ಹೇಗಿರುತ್ತದೆ ಎಂದು ನೋಡಿದವರಿಗೇ ಗೊತ್ತು. ಕೋಳಿಗಳು ತಮ್ಮ ಮನೆ ಯಾವುದೆಂದು ಮರೆತು ಸಿಕ್ಕಸಿಕ್ಕಲ್ಲಿ ಮೊಟ್ಟೆಯಿಟ್ಟವು. ಕರಿಯಪ್ಪನ ಎತ್ತು ನೇರ ಅಡುಗೆಮನೆಗೆ ನಡೆದು ಬಿಸಿ ಮುದ್ದೆಯನ್ನು ಮುಗಿಸಿ, ತಿರುಗಲು ಜಾಗವಿಲ್ಲದೆ ಮಧ್ಯಾಹ್ನದವರೆಗೂ ಅಲ್ಲೇ ನಿಂತಿತ್ತು. ಕದ ತಟ್ಟಲು ಕದವಿಲ್ಲದ್ದರಿಂದ ಬಂದವರೆಲ್ಲ ಹೊರಗೆ ನಿಂತು ಕೆಮ್ಮತೊಡಗಿದರು. ಊರಿಗೆ ಕೆಮ್ಮಿನ ರೋಗ ಬಂದಿದೆ ಎಂದು ಸುದ್ದಿಯಾಗಿ ಸರಗೂರಿನಿಂದ ಬರಬೇಕಾಗಿದ್ದ ಬೀಗರು ಬರಲಿಲ್ಲ. ರಾಚಮ್ಮ ಸಂತೆಗೆ ಹೋಗುವಾಗ ಬಾಗಿಲುವಾಡದ ಖಾಲಿ ಚಿಲಕದ ಕೊಂಡಿಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿ ಹೋಗುತ್ತಿದ್ದಳು. ಬೀಗ ಹಾಕಿದೆ ಎಂದು ಯಾರೂ ಒಳಗೆ ಕಾಲಿಡುತ್ತಲೂ ಇರಲಿಲ್ಲ.

ಕಾಡಂಚಿನ ಗಿರಿಜನರ ಹಾಡಿಯಿಂದ ಹೊಗೆಸೊಪ್ಪಿನ ಕೂಲಿಗೆ ಬರುತ್ತಿದ್ದ ಜೋಗಯ್ಯ ಇದನ್ನೆಲ್ಲ ನೋಡಿ ಕಂಠಪ್ಪನ ಜಗಲಿಯ ಮುಂದೆ ನಿಂತ. "ಏನ್ ಸಾಮಿ, ನಿಮ್ಮೂರೂ ನಮ್ ಹಾಡಿ ಅಂಗಾಗೋಯ್ತು" ಎಂದ. ಕಂಠಪ್ಪ ಅವನಿಗೂ ಸಮನ್ಸಿನ ಕಾನೂನು ಬಿಡಿಸಿ ಹೇಳಿದ. ಜೋಗಯ್ಯ ತಲೆ ಕೆರೆದುಕೊಂಡ.

"ನಮ್ ತಾತನ ಕಾಲದಿಂದ್ಲೂ ನಮ್ ಹಾಡೀಲಿ ಯಾವ ಗುಡ್ಲಿಗೂ ಬಾಗ್ಲಿಲ್ಲ ಸಾಮಿ. ಆದ್ರೂ ಗಾರ್ಡು ಬತ್ತಾನೆ. ಎದ್ದೋಗಿ ಅಂತಾನೆ. ಎದ್ದೋಯ್ತೀವಿ."

"ಅದು ಕಾಡಿನ ಕಾನೂನು ಕಣಯ್ಯ, ಇದು ಊರಿಂದು" ಎಂದ ಕಂಠಪ್ಪ. ಆದರೆ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ಸೊಪ್ಪಿನ ನಾರಿನಂತೆ ಅವತ್ತೆಲ್ಲ ಕಾಡಿತು.

ಸೋಮವಾರ ಅಮೀನ ಚಿಕ್ಕಣ್ಣ ಸೈಕಲ್ಲಿನಲ್ಲಿ ಬಂದ. ಹೆಗಲಿಗೆ ಚರ್ಮದ ಚೀಲ, ಹ್ಯಾಂಡಲಿಗೆ ನೇತುಹಾಕಿದ ಡಬ್ಬದಲ್ಲಿ ಮೈದಾ ಅಂಟು. ಕಂಠಪ್ಪನ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದವನು, ನಿಯಮ ಬಿಟ್ಟು ನೀರೂ ಕುಡಿಯದವನು. ಊರೊಳಗೆ ಬಂದವನು ಸೈಕಲ್ ಇಳಿದು, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಮತ್ತೆ ಎಡಕ್ಕೆ ನೋಡಿದ. ಪುಟ್ಟಮಲ್ಲಮ್ಮ ಕರಿಯಪ್ಪನ ಮನೆಯ ಅಟ್ಟ ಹತ್ತಿ ಕೂತಿದ್ದಳು. ಅವಳನ್ನು ಕಂಡವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ಅಂಥ ಹೆಸರನ್ನೇ ಕೇಳಿಲ್ಲ ಎಂದವರೂ ಇದ್ದರು.

ಚಿಕ್ಕಣ್ಣ ಅವಳ ಮನೆಯ ಮುಂದೆ ಅಂಟಿನ ಡಬ್ಬ ಹಿಡಿದು ಕಾಲು ಗಂಟೆ ನಿಂತ. ಆಮೇಲೆ ಕಂಠಪ್ಪನ ಜಗಲಿಗೆ ಬಂದು ಕೂತ.

"ಕಂಠಪ್ಪನೋರೆ, ಬಾಗಿಲಿಗೆ, ಇಲ್ಲವೇ ಮನೆಯ ಎದ್ದು ಕಾಣುವ ಬೇರೆ ಯಾವುದಾದರೂ ಭಾಗಕ್ಕೆ ಅಂಟಿಸಬೇಕು ಅಂತದೆ. ನಾನೇನ್ ಮಾಡ್ಲಿ?"

ಕಂಠಪ್ಪನಿಗೆ ಕಿವಿಯ ಹತ್ತಿರ ಏನೋ ಬಿದ್ದ ಹಾಗಾಯಿತು. "ಇಲ್ಲವೇ?" ಎಂದ.

"ಊಂ, ಇಲ್ಲವೇ ಅಂತದೆ. ಮೊದಲಿಂದ್ಲೂ ಅಂಗೇ ಅದೆ."

ಮೂವತ್ತೊಂದು ವರ್ಷ ಬಾಗಿಲಾಚೆ ದನಿ ಇಳಿದುಹೋಗುತ್ತಿದ್ದದ್ದು ಅದು. ಕಂಠಪ್ಪನಿಗೆ ನಾಚಿಕೆಯಾಯಿತು. ಊರು ತುಂಬ ಕೆಮ್ಮುತ್ತಿದ್ದವರೆಲ್ಲ ತನ್ನ ಮೇಲೆಯೇ ಕೆಮ್ಮುತ್ತಿದ್ದಾರೆ ಅನ್ನಿಸಿತು.

"ಅಂಗಾದ್ರೆ ಎದ್ದು ಕಾಣೋ ಕಡೆ ಅಂಟ್ಸು" ಎಂದ ಸೋತ ದನಿಯಲ್ಲಿ.

"ಅದೇ ತೊಂದ್ರೆ ಬಂದಿರದು. ಆ ಮನೇಲಿ ಎದ್ದು ಕಾಣೋದು ಬಾಗ್ಲಿಲ್ದಿರೋ ಜಾಗ. ನೋಡಿದೋರ್ ಕಣ್ಣೆಲ್ಲ ನೆಟ್ಟಗೆ ಅಲ್ಲಿಗೇ ಓಯ್ತದೆ. ಬಯಲಿಗೆ ಎಂಗ್ ಅಂಟುಸ್ಲಿ? ಗೋಡೆಗೆ ಅಂಟುಸ್ತೀನಿ ಅಂದ್ರೆ, ಗೋಡೆ ಎದ್ದು ಕಾಣದಿಲ್ವಲ್ಲ. ನಾಳೆ ವಕೀಲ್ರು ಕೇಳ್ತಾರೆ, ಎದ್ದು ಕಾಣೋದು ಬಿಟ್ಟು ಕಾಣದ್ಕೆ ಯಾಕ್ ಅಂಟುಸ್ದೆ ಅಂತ."

ಭಾಗ್ಯಮ್ಮ ಒಳಗಿನಿಂದ ಕಾಫಿ ತಂದುಕೊಟ್ಟು ಇಬ್ಬರನ್ನೂ ಒಂದು ಸಲ ನೋಡಿ ಹೋದಳು. ಚಿಕ್ಕಣ್ಣ ಕಾಫಿ ಮುಗಿಸಿ ಕಾಗದ ಬರೆಯಲು ಕೂತ. ಬಾಗಿಲು ಇಲ್ಲವೆಂದು ಬರೆದು ವಾಪಸು ಕೊಡುತ್ತೇನೆ ಎಂದ. ಆಮೇಲೆ ಚಲುವಯ್ಯನ ವಕೀಲರು ಸುಮ್ಮನೆ ಕೂರುವುದಿಲ್ಲ, ಎಲ್ಲೋ ಒಂದು ಸಂತೆಯಲ್ಲಿ ಡಂಗುರ ಹೊಡೆಸಿ ಜಾರಿಯಾಯಿತು ಅನ್ನಿಸುತ್ತಾರೆ, ಇವಳಿಗೆ ಗೊತ್ತೇ ಆಗುವುದಿಲ್ಲ, ಆ ದಿನ ಇವಳು ಬರುವುದಿಲ್ಲ, ಎಕ್ಸ್‌ಪಾರ್ಟಿ ಆಗಿಬಿಡುತ್ತದೆ ಎಂದ. "ಬಂದಿದ್ರೆ ಪಾಪ ಉಳಿಸ್ಕತಿದ್ಲು. ಕಂದಾಯದ ರಸೀತಿ ಅವಳ ಗಂಡನ ಎಸ್ರಲ್ಲೇ ಅದೆಯಂತೆ" ಎಂದೂ ಸೇರಿಸಿದ.

ಎಕ್ಸ್‌ಪಾರ್ಟಿ ಅಂದರೇನು ಎಂದು ಕಂಠಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚಲುವಯ್ಯ ಎರಡು ಎಲೆಯ ಮುಂದೆ ಕೂತದ್ದು ಕಣ್ಣಿಗೆ ಕಟ್ಟಿತು. ಎರಡನೆಯ ಎಲೆಯ ತುಂಬ ದಂಟು, ಕೊತ್ತಂಬರಿ, ಮೆಂತ್ಯ. ಆ ಎಲೆಯ ಮುಂದೆ ಕೂರಬೇಕಾದವಳನ್ನು ಅಟ್ಟಕ್ಕೆ ಹತ್ತಿಸಿದವನು ತಾನು.

ಅವನು ಎದ್ದ. ತನ್ನ ಬಾಗಿಲಿನ ಒಂದು ಕದವನ್ನು ಅಲ್ಲಾಡಿಸಿ, ಎತ್ತಿ ಕಳಚಿದ. ಭಾಗ್ಯಮ್ಮ ಓಡಿಬಂದು, "ಅಯ್ಯೋ, ಗೋಡೆ ಒಡ್ಸಿ ಇಡ್ಸಿದ್ ಬಾಗ್ಲು ಕಣ್ರೀ!" ಎಂದಳು. ಅರವತ್ತು ದಾಟಿದ ಮನುಷ್ಯ ತೇಗದ ಕದವನ್ನು ತಲೆಯ ಮೇಲೆ ಹೊತ್ತು ಬೀದಿಯ ನಡುವೆ ನಡೆದ. ಹಿಂದೆ ಅಂಟಿನ ಡಬ್ಬ ಹಿಡಿದು ಚಿಕ್ಕಣ್ಣ, ಅವನ ಹಿಂದೆ ಊರು. ಪುಟ್ಟಮಲ್ಲಮ್ಮನ ಬಾಗಿಲುವಾಡಕ್ಕೆ ಕದವನ್ನು ಒರಗಿಸಿದ. ಮುಕ್ಕಾಲು ಭಾಗ ಮುಚ್ಚಿತು.

"ಬಾಗಿಲು ಆ ಮನೆಯದೇ ಆಗಿರಬೇಕು ಅಂತ ಎಲ್ಲಾದ್ರೂ ಅದಾ?" ಎಂದು ಕೇಳಿದ.

ಚಿಕ್ಕಣ್ಣ ಸಮನ್ಸನ್ನು ಹಿಂದುಮುಂದು ತಿರುಗಿಸಿ ನೋಡಿದ. "ಇಲ್ಲ. ಒರಬಾಗ್ಲು ಅಂತ ಮಾತ್ರ ಅದೆ" ಎಂದು ಸಮನ್ಸು ಅಂಟಿಸಿ, ಮಹಜರು ಬರೆದು, ಸೈಕಲ್ ಹತ್ತಿದ.

ಪುಟ್ಟಮಲ್ಲಮ್ಮ ಅಟ್ಟದಿಂದ ಇಳಿದು ಬಂದವಳು ಬೆಂಕಿಯಾಗಿದ್ದಳು. "ಬಾಗ್ಲು ತಗಿ ಅಂದೋನೂ ನೀನೇ, ಬಾಗ್ಲು ತಂದೋನೂ ನೀನೇ! ನಿಂಗೆ ನಾನೇನ್ ಮಾಡಿದ್ದೆ ಕಂಠಣ್ಣ?"

ಊರೆಲ್ಲ ನಿಂತಿತ್ತು. ಕಂಠಪ್ಪ ನೆತ್ತಿ ಉಜ್ಜಿಕೊಳ್ಳುತ್ತ, "ನಂಗೊತ್ತಿದ್ದುದ್ದು ಅರ್ಧ ಕಣವ್ವ" ಎಂದ. "ಮೊದಲಿಂದ್ಲೂ ಅರ್ಧವೇ. ಇನ್ನರ್ಧ ನಾನೇ ಅಚ್ಕಂಡಿದ್ದೆ. ಕೋರ್ಟಿಗೆ ಓಗು. ಓಗ್ದಿದ್ರೆ ಇತ್ಲು ಓಯ್ತದೆ. ಇದು ಮಾತ್ರ ಪೂರ್ತಿ ದಿಟ."

ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಹಗುರವಾಗುತ್ತಿತ್ತೋ ಏನೋ. ಕರಿಯಪ್ಪ ಹುಲ್ಲುಮೆದೆಯ ಕಡೆ ಹೊರಟ. ಅವನ ಹಿಂದೆ ಒಬ್ಬೊಬ್ಬರೇ ತಮ್ಮ ಬಾಗಿಲು ಹುಡುಕಲು ಹೋದರು. ಗಡಿಬಿಡಿಯಲ್ಲಿ ಎಷ್ಟೋ ಬಾಗಿಲು ಅದಲುಬದಲಾದವು. ರಾಚಮ್ಮನ ಮನೆಯ ಬಾಗಿಲು ಅವತ್ತಿನಿಂದ ಹೊರಕ್ಕೆ ತೆರೆಯತೊಡಗಿತು.

ವಾಯಿದೆಯ ದಿನ ಇನ್ನೊಂದು ಪೇಚು. ಕಾಗದವನ್ನು ಕೋರ್ಟಿಗೆ ತರಬೇಕು. ಚಿಕ್ಕಣ್ಣನ ಮೈದಾ ಅಂಟು ಬಿಸಿನೀರಿಗೂ ಬಿಡಲಿಲ್ಲ, ಕತ್ತಿಗೂ ಬಿಡಲಿಲ್ಲ. ಕೆರೆದರೆ ಅಕ್ಷರ ಹೋಗುತ್ತಿತ್ತು. ಕೊನೆಗೆ ಕರಿಯಪ್ಪ ಗಾಡಿ ಕಟ್ಟಿದ. ಗಾಡಿಯಲ್ಲಿ ಕದ ಮಲಗಿತ್ತು, ಅದರ ಮೇಲೆ ಸೊಪ್ಪಿನ ಕುಕ್ಕೆ, ಪಕ್ಕದಲ್ಲಿ ಪುಟ್ಟಮಲ್ಲಮ್ಮ. ಕಂಠಪ್ಪ ಹಿಂದೆ ನಡೆದು ಬಂದ. ಕೋರ್ಟಿನಲ್ಲಿ ಸಮನ್ಸು ಎಲ್ಲಿ ಎಂದು ಕೇಳಿದಾಗ ನಾಲ್ಕು ಜನ ಕದವನ್ನು ಒಳಗೆ ಹೊತ್ತು ತಂದು ಮುನ್ಸೀಫರ ಮುಂದೆ ನಿಲ್ಲಿಸಿದರು. ಅವರು ಕಾಗದವನ್ನು ಓದಿ, ಕದವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಇದು ನಮ್ಮದೇ ಅಲ್ಲವೇ?" ಎಂದರು. ಹೌದೆಂದು ಗುಮಾಸ್ತರು ಒಪ್ಪಿದರು. ಅವಳು ಹಾಜರಾಗಿದ್ದಾಳೆ ಎಂದು ಬರೆದುಕೊಂಡರು. ಆ ದಿನದ ಮಟ್ಟಿಗೆ ಹಿತ್ತಲು ಉಳಿಯಿತು.

ಆಮೇಲೆ ನಾಲ್ಕು ಸಲ ಒಲೆ ಆರಿಸಿ ನಾಲ್ಕು ಸಲ ಹಚ್ಚಿದರು. ಐದನೆಯ ವಾಯಿದೆಗೆ ಸಾಕ್ಷಿ. ಗಂಡನ ಹೆಸರಿನ ರಸೀತಿಯೇನೋ ಇತ್ತು, ಆದರೆ ಹಿತ್ತಲಿನಲ್ಲಿ ಇಷ್ಟು ಕಾಲ ಬೆಳೆ ಮಾಡಿದವರು ಯಾರು ಎಂದು ಬಾಯಿಬಿಟ್ಟು ಹೇಳುವ ಒಬ್ಬರು ಬೇಕಾಗಿತ್ತು. ಊರಿನ ಅರ್ಧ ಜನಕ್ಕೆ ಚಲುವಯ್ಯನ ಹೊಗೆಸೊಪ್ಪಿನ ಕೂಲಿ, ಉಳಿದವರಿಗೆ ಕೋರ್ಟೆಂದರೆ ಹೆದರಿಕೆ. ಪುಟ್ಟಮಲ್ಲಮ್ಮ ಹಿಡಿದಿದ್ದ ವಕೀಲರು ಕಂಠಪ್ಪನ ಹೆಸರು ಬರೆಸಿದರು.

ಅವನು ಅಭ್ಯಾಸಬಲದಿಂದ ಕೋರ್ಟು ಹಾಲಿನ ಹೊಸ ಬಾಗಿಲ ಪಕ್ಕದಲ್ಲೇ ಹೊರಗೆ ನಿಂತಿದ್ದ. ಈಗಿನ ಜವಾನ ಸಣ್ಣ ದನಿಯವನು. "ಕಂಠಪ್ಪ ಬಿನ್ ಲೇಟ್ ಕೆಂಚಯ್ಯ, ಹಾಜರಿದ್ದಾರಾ?" ಎಂದು ಮೂಗಿನಲ್ಲಿ ಅಂದ. ಇಂಥ ಕೂಗಿಗೆ ಯಾರು ತಾನೇ ಬಂದಾರು? ಕಂಠಪ್ಪನಿಗೆ ತಡೆಯಲಾಗಲಿಲ್ಲ. ಎದೆ ತುಂಬ ಗಾಳಿ ಎಳೆದುಕೊಂಡು, "ಕಂಠಪ್ಪಾ! ಬಿನ್ ಲೇಟ್ ಕೆಂಚಯ್ಯಾ! ಹಾಜರಿದ್ದಾರಾ?" ಎಂದು ಬೀದಿಗೆ ಕೇಳುವಂತೆ ಕೂಗಿದ. ಎದುರಿನ ಹೋಟೆಲಿನಲ್ಲಿ ಮೂವರು ಲೋಟ ಕೆಳಗಿಟ್ಟು ಎದ್ದರು. ಕೂಗಿ, ಬರುವವನಿಗಾಗಿ ದಾರಿ ನೋಡುತ್ತ ನಿಂತ. ಎರಡನೆಯ ಸಲವೂ ಕೂಗಿದ. ಮೂರನೆಯದಕ್ಕೆ ಬಾಯಿ ತೆರೆದಾಗ ಪುಟ್ಟಮಲ್ಲಮ್ಮ ಬಂದು ಅವನ ತೋಳು ಹಿಡಿದು, "ಅಣ್ಣಾ, ಅದು ನೀನೇ ಕಣ" ಎಂದು ಒಳಗೆ ತಳ್ಳಿದಳು. ಕಕ್ಷಿದಾರರ ಹೆಸರು ಕೂಗಿ ಕೂಗಿ ಸವೆದಿದ್ದ ಅವನು ತನ್ನ ಹೆಸರು ಹೇಳಿಸಿಕೊಂಡು ಆ ಬಾಗಿಲು ದಾಟಿದ್ದು ಅದೇ ಮೊದಲು.

ಚಲುವಯ್ಯನ ವಕೀಲರು ಕೋಟು ಸರಿಪಡಿಸಿಕೊಂಡು ಎದ್ದರು. "ಊರಿನ ಇಪ್ಪತ್ತು ಮನೆಯ ಬಾಗಿಲು ತೆಗೆಸಿದವನು ನೀನೇ ತಾನೆ?"

"ನಾನೇ ಸ್ವಾಮಿ."

"ಕಾನೂನು ಗೊತ್ತು ಎಂದು ಜನರಿಗೆ ಹೇಳುತ್ತೀಯಂತೆ. ಏನು ಗೊತ್ತು ನಿನಗೆ?"

"ಅರ್ಧ ಗೊತ್ತು ಸ್ವಾಮಿ."

ಹಿಂದೆ ಯಾರೋ ನಕ್ಕರು. ಮುನ್ಸೀಫರು ಪೆನ್ನು ಕೆಳಗಿಟ್ಟು, "ಯಾವ ಅರ್ಧ?" ಎಂದು ಕೇಳಿದರು.

"ಹೊರಗಿಂದು ಮಹಾಸ್ವಾಮಿ" ಎಂದ ಕಂಠಪ್ಪ. ಅವನ ದನಿ ಎಲ್ಲೂ ಇಳಿಯಲಿಲ್ಲ. "ಒಳಗಡೆ ಏನ್ ನಡೀತು ಅಂತ ನಂಗೆ ಯಾವತ್ತೂ ಗೊತ್ತಿಲ್ಲ. ಹೊರಗೆ ನಿಂತು ಕಂಡದ್ದು ಹೇಳ್ತೀನಿ. ನಮ್ ಜಗಲಿಯಿಂದ ಬೇಲಿ ಮೇಲೆ ಆಯಮ್ಮನ ಹಿತ್ತಲು ಕಾಣ್ತದೆ. ನಾನು ಈ ಕೋರ್ಟಿಗೆ ಬರೋಕೆ ಬೆಳಗ್ಗೆ ಹೊರಡುವಾಗ ಆಯಮ್ಮ ಬಾವಿಯಿಂದ ನೀರು ಹೊತ್ತು ಸೊಪ್ಪಿಗೆ ಹೊಯ್ಯೋಳು. ಮದುವೆಯಾಗಿ ಬಂದ ವರ್ಷದಿಂದ. ಗಂಡ ಸತ್ತ ಹನ್ನೊಂದನೇ ದಿನ ಕಳೆದು ಹನ್ನೆರಡನೇ ದಿನವೂ ಹೊಯ್ದಳು. ಅವತ್ತು ನಾನು ಬಸ್ಸು ತಪ್ಪಿಸ್ಕೊಂಡು ನಿಂತು ನೋಡಿದ್ದೆ, ಅದಕ್ಕೆ ನೆನಪದೆ. ಚಲುವಯ್ಯನೋರು ಆ ಹಿತ್ತಲಲ್ಲಿ ಒಂದು ಚೊಂಬು ನೀರು ಹೊಯ್ದದ್ದು ನಾನು ಕಂಡಿಲ್ಲ. ಕಾಣದ್ದನ್ನ ಕಂಡೆ ಅನ್ನಲ್ಲ."

ಮುನ್ಸೀಫರು ಪೆನ್ನು ಎತ್ತಿಕೊಂಡು ಅದನ್ನು ಬರೆದುಕೊಂಡರು.

ತೀರ್ಪು ಬಂದದ್ದು ಯುಗಾದಿ ಕಳೆದ ಮೇಲೆ. ಹೊರಗೆ ಹುಣಸೇಮರದ ಕೆಳಗೆ ಕಾಯುತ್ತಿದ್ದ ಪುಟ್ಟಮಲ್ಲಮ್ಮನ ಹತ್ತಿರ ಅವಳ ವಕೀಲರು ಬಂದು, ಡಿಕ್ರಿ ನಿಮ್ಮ ಕಡೆಗೆ ಆಗಿದೆ ಎಂದು ಹೇಳಿ ಇನ್ನೊಂದು ಕೇಸಿಗೆ ಓಡಿದರು. ಅವಳು ಅವರು ಹೋದ ದಾರಿಯನ್ನೇ ನೋಡುತ್ತಿದ್ದಳು. ಕಂಠಪ್ಪನಿಗೆ ಹಳೇ ಚಾಳಿ ಬಿಡುತ್ತದೆಯೇ? ಗಂಟಲು ಸರಿಮಾಡಿಕೊಂಡು, "ಡಿಕ್ರಿ ಅಂದ್ರೆ ಏನಪ್ಪಾ ಅಂದ್ರೆ ಕಣವ್ವ..." ಎಂದು ಶುರು ಮಾಡಿ, ಅರ್ಧಕ್ಕೆ ನಿಂತ. ಮುಂದಿನದು ತನಗೆ ಗೊತ್ತಿದೆಯೋ ಇಲ್ಲವೋ ಎಂದು ಮೊದಲ ಬಾರಿಗೆ ಅನುಮಾನವಾಯಿತು.

ಪುಟ್ಟಮಲ್ಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಖಾಲಿ ಕುಕ್ಕೆಯನ್ನು ಸೊಂಟಕ್ಕೆ ಎತ್ತಿಕೊಂಡಳು.

"ಅದು ನಂಗೊತ್ತು ಬುಡಣ್ಣ" ಎಂದಳು. "ನಾಳೀಕೂ ನೀರು ಉಯ್ಯದು."